ಹಳೆ ಕ್ಯಾಂಪರ್ ವ್ಯಾನ್‌ಗೆ ಮತ್ತೆ ಜೀವ: ಕೊಳ್ಳುವ ದಿನದಿಂದ ಒಳಗೆ ಮಲಗುವ ಮೊದಲ ರಾತ್ರಿಯವರೆಗೆ

ಹಳೆ ಕ್ಯಾಂಪರ್ ವ್ಯಾನ್ ನೋಡಲು ಹೋದವರ ಕಣ್ಣು ಮೊದಲು ಒಳಗಡೆಗೇ ಹೋಗುತ್ತದೆ. ಪುಟ್ಟ ಒಲೆ, ಮಡಚುವ ಹಾಸಿಗೆ, ಕಿಟಕಿಗೆ ಪರದೆ. ಮನಸ್ಸಿನಲ್ಲಿ ಆಗಲೇ ಬಣ್ಣ ಬಳಿದು, ದಿಂಬು ಜೋಡಿಸಿ ಆಗಿರುತ್ತದೆ. ನನಗೂ ಹಾಗೇ ಆಗಿತ್ತು. ವ್ಯಾನ್ ತಂದ ಮೊದಲ ತಿಂಗಳೇ ನೆಲಕ್ಕೆ ಹೊಸ ಪ್ಲೈವುಡ್ ಹಾಕಿದೆ, ಅದರ ಮೇಲೆ ಚೆಂದದ ಮ್ಯಾಟ್ ಅಂಟಿಸಿದೆ. ಮೊದಲ ದೊಡ್ಡ ಮಳೆಗೆ ಒಂದು ಮೂಲೆ ಉಬ್ಬಿತು. ಕಿತ್ತು ನೋಡಿದರೆ ಕೆಳಗಿನ ತಗಡು ಬೆರಳಿಟ್ಟರೆ ಪುಡಿಯಾಗುವ ಹಾಗಿತ್ತು. ನೀರು ಬರುತ್ತಿದ್ದದ್ದು ಛಾವಣಿಯ ಗಾಳಿಕಿಂಡಿಯ ಅಂಚಿನಿಂದ. ಅದು ಗೋಡೆ ಹಲಗೆಯ ಹಿಂದೆ ಸದ್ದಿಲ್ಲದೆ ಇಳಿದು, ನೆಲದ ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಹಾಕಿದ್ದನ್ನೆಲ್ಲ ಕಿತ್ತು ಮತ್ತೆ ಮೊದಲಿಂದ ಶುರು ಮಾಡಿದೆ.

ಅವತ್ತು ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಆಮೇಲೆ ತಗಡಿನ ಕೆಲಸ. ಆಮೇಲೆ ಬ್ರೇಕು, ಟೈರು, ಎಂಜಿನ್. ಆಮೇಲೆ ವೈರಿಂಗ್ ಮತ್ತು ಗ್ಯಾಸ್. ಮರಗೆಲಸ, ಬಟ್ಟೆ, ಪರದೆ ಎಲ್ಲ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ.

ಹಂತ 1: ಕೊಳ್ಳುವ ಮುಂಚೆ ಕೆಳಗೆ ತೂರಿ ನೋಡಿ

ಜೊತೆಗೆ ಒಂದು ಒಳ್ಳೆ ಟಾರ್ಚ್, ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತ, ಹಳೆ ಸ್ಕ್ರೂಡ್ರೈವರ್, ನೆಲಕ್ಕೆ ಹಾಸಲು ಒಂದು ಶೀಟ್ ಒಯ್ಯಿರಿ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನ ಹೋಗಿ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಏನು ಬರುತ್ತದೆ ಅಂತ ಗಮನಿಸಿ. ಒದ್ದೆ ಮರದ, ಬೂಷ್ಟಿನ ವಾಸನೆ ಬಂದರೆ ನೀರು ಒಳಗಿದೆ ಎಂದೇ ಅರ್ಥ, ಮಾರುವವರು ಏನೇ ಹೇಳಲಿ.

ತುಕ್ಕು ಹಿಡಿಯುವ ಜಾಗಗಳು ಹೆಚ್ಚುಕಡಿಮೆ ಎಲ್ಲ ವ್ಯಾನ್‌ಗಳಲ್ಲೂ ಅವೇ. ಬಾಗಿಲ ಕೆಳಗಿನ ಉದ್ದ ಪಟ್ಟಿ, ಚಕ್ರದ ಕಮಾನು, ಜಾಕಿ ಕೊಡುವ ಜಾಗ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಕೆಳ ಮೂಲೆಗಳು, ಛಾವಣಿಯ ಅಂಚಿನ ನೀರಿನ ಕಾಲುವೆ, ಜಾರುವ ಬಾಗಿಲಿನ ಕೆಳ ಹಳಿ. ಇಲ್ಲೆಲ್ಲ ಅಯಸ್ಕಾಂತ ಆಡಿಸಿ. ಹಿಡಿಯದೆ ಜಾರಿದರೆ ಅಲ್ಲಿ ತಗಡಿಲ್ಲ, ಬರೀ ಪುಟ್ಟಿ ಇದೆ. ಮೇಲೆ ಥಳಕು ಒಳಗೆ ಹುಳುಕು ಅನ್ನುವ ಮಾತು ಹಳೆ ವ್ಯಾನ್‌ಗೆ ಅಕ್ಷರಶಃ ಸರಿ. ಹೊಸದಾಗಿ ಬಣ್ಣ ಹೊಡೆದು ಮಾರಲು ಇಟ್ಟ ವ್ಯಾನ್‌ಗಿಂತ, ಬಣ್ಣ ಮಾಸಿದ್ದರೂ ಏನನ್ನೂ ಮುಚ್ಚಿಡದ ವ್ಯಾನ್ ನನಗೆ ಇಷ್ಟ.

ಕೆಳಗೆ ತೂರಿದಾಗ ಚಾಸಿಯ ಉದ್ದ ತೊಲೆಗಳನ್ನು, ಸಸ್ಪೆನ್ಷನ್ ಬೋಲ್ಟ್ ಆಗಿರುವ ಜಾಗಗಳನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಮಾಲೀಕರ ಒಪ್ಪಿಗೆ ಕೇಳಿಯೇ ಒತ್ತಿ. ಇಲ್ಲಿ ತೂತು ಬಿದ್ದರೆ, ಅನುಭವ ಇಲ್ಲದವರು ಆ ವ್ಯಾನ್ ಬಿಟ್ಟುಬಿಡುವುದು ಒಳ್ಳೆಯದು. ಎಂಜಿನ್ ಸ್ಟಾರ್ಟ್ ಆಗದಿದ್ದರೆ ನಾನು ಅಷ್ಟು ಹೆದರುವುದಿಲ್ಲ. ಎಂಜಿನ್ ಬಿಚ್ಚಬಹುದು, ಬೇರೆ ತರಬಹುದು. ಕೊಳೆತ ಬಾಡಿ ಮಾತ್ರ ವರ್ಷಗಳನ್ನು ತಿನ್ನುತ್ತದೆ.

ಬಿಡಿಭಾಗ ಸಿಗುತ್ತಾ ಅನ್ನುವುದನ್ನೂ ಈಗಲೇ ನೋಡಿ. ಸಾಮಾನ್ಯವಾಗಿ ವ್ಯಾನ್ ಮಾಡಿದ ಕಂಪನಿ ಒಂದು, ಒಳಗೆ ಮನೆ ಮಾಡಿಕೊಟ್ಟ ಕಂಪನಿ ಇನ್ನೊಂದು. ಫೋಕ್ಸ್‌ವ್ಯಾಗನ್ ತನ್ನ ಟೈಪ್ 2 ವ್ಯಾನನ್ನು 1950ರಲ್ಲಿ ತಯಾರಿಸಲು ಶುರು ಮಾಡಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಜರ್ಮನ್ ಕಂಪನಿ ಅದಕ್ಕೆ ಕ್ಯಾಂಪಿಂಗ್ ಸಾಮಾನು ಕೂರಿಸತೊಡಗಿತು. ಬ್ರೆಜಿಲ್‌ನಲ್ಲಿ ಕೊಂಬಿ ಹೆಸರಿನಲ್ಲಿ ಆ ವ್ಯಾನ್ 2013ರವರೆಗೂ ತಯಾರಾಯಿತು. ಅಷ್ಟು ಕಾಲ, ಅಷ್ಟು ಸಂಖ್ಯೆಯಲ್ಲಿ ಬಂದದ್ದರಿಂದ ಅದರ ಭಾಗಗಳು ಇವತ್ತಿಗೂ ಹೊಸದಾಗಿ ಸಿಗುತ್ತವೆ. ಯಾವುದೋ ಸಣ್ಣ ಸಂಸ್ಥೆ ಮಾಡಿದ ಮನೆಯಾದರೆ ಬ್ರೇಕು, ಕ್ಲಚ್ಚು ಸಿಗುತ್ತವೆ, ಏಕೆಂದರೆ ಅವು ಮಾಮೂಲಿ ಸರಕು ವ್ಯಾನಿನವೇ. ಆದರೆ ಅದರ ವಿಶೇಷ ಅಳತೆಯ ಕಿಟಕಿ, ಮೇಲೇಳುವ ಛಾವಣಿ, ಅದರ ಕ್ಯಾನ್ವಾಸ್ ಬೇಗ ಸಿಗುವುದಿಲ್ಲ. ಅವು ಮುರಿದಿದ್ದರೆ ಅಥವಾ ಕಳೆದಿದ್ದರೆ ಎರಡು ಸಲ ಯೋಚಿಸಿ.

ಹಂತ 2: ಕಾಗದ, ಜಾಗ, ದುಡ್ಡು

ದಾಖಲೆಯಲ್ಲಿರುವ ಚಾಸಿ ನಂಬರ್ ಮತ್ತು ವ್ಯಾನ್ ಮೇಲೆ ಒತ್ತಿರುವ ನಂಬರ್ ಒಂದೇ ಇರಬೇಕು. ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಸೀಟಿನ ಸಂಖ್ಯೆ ಬದಲಾಯಿಸುವುದು, ಛಾವಣಿ ಎತ್ತುವುದು, ಗ್ಯಾಸ್ ಕೂರಿಸುವುದು ಇವಕ್ಕೆ ನಿಮ್ಮಲ್ಲಿ ಅನುಮತಿ ಅಥವಾ ತಪಾಸಣೆ ಬೇಕಾ ಅಂತ ಕೆಲಸ ಶುರುವಾಗುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ಸೂರಿರುವ, ಗಟ್ಟಿ ನೆಲದ, ಕರೆಂಟ್ ಇರುವ ಜಾಗ ಬೇಕೇ ಬೇಕು. ಬಿಚ್ಚಿದ ವ್ಯಾನ್ ಬಯಲಲ್ಲಿ ನಿಂತರೆ ನೀವು ರಿಪೇರಿ ಮಾಡುವುದಕ್ಕಿಂತ ಬೇಗ ಅದು ಹಾಳಾಗುತ್ತದೆ. ದುಡ್ಡಿನ ಲೆಕ್ಕ ಹಾಕಿ, ಅದರ ಮೇಲೆ ಮೂರನೇ ಒಂದು ಭಾಗ ಜಾಸ್ತಿ ಇಟ್ಟುಕೊಳ್ಳಿ. ಹಲಗೆ ಕಿತ್ತಾಗ ಕಾಣುವ ತುಕ್ಕಿನ ಲೆಕ್ಕ ಕೊಳ್ಳುವಾಗ ಯಾರಿಗೂ ಸಿಗುವುದಿಲ್ಲ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಬರೀ ಜಾಕಿಯ ಮೇಲೆ ನಿಂತ ವ್ಯಾನಿನ ಕೆಳಗೆ ಒಂದು ನಿಮಿಷವೂ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟು, ಚಕ್ರ ಉರುಳದ ಹಾಗೆ ಅಡ್ಡ ಕೊಟ್ಟು, ಕೈಯಿಂದ ಜೋರಾಗಿ ಅಲುಗಿಸಿ ನೋಡಿದ ಮೇಲೆಯೇ ಒಳಗೆ ತೂರಿ.

ಹಂತ 3: ಬಿಚ್ಚುವುದು

ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ. ಬಿಚ್ಚುವಾಗ ತೆಗೆಯಿರಿ. ಬಿಚ್ಚಿದ ಮೇಲೂ ತೆಗೆಯಿರಿ. ವೈರ್ ಹೋದ ದಾರಿ, ಪೈಪ್ ತಿರುಗಿದ ಕಡೆ, ಕೊಕ್ಕೆ ಯಾವ ಮುಖ ಮಾಡಿತ್ತು ಅನ್ನುವುದು ಎಂಟು ತಿಂಗಳ ನಂತರ ನೆನಪಿರುವುದಿಲ್ಲ. ಪ್ರತಿ ಭಾಗದ ಬೋಲ್ಟನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ, ಮೇಲೆ "ಎಡ ಹಿಂದಿನ ಕಿಟಕಿ, ಕೆಳಗಿನ ನಾಲ್ಕು" ಅಂತ ಪೂರ್ತಿ ಬರೆಯಿರಿ. ಹಳೆ ಹಲಗೆ ಕೊಳೆತಿದ್ದರೂ ಎಸೆಯಬೇಡಿ, ಹೊಸದನ್ನು ಕತ್ತರಿಸುವಾಗ ಅದೇ ಅಳತೆ.

ತುಕ್ಕು ಹಿಡಿದ ಬೋಲ್ಟ್ ನಿಮ್ಮ ತಾಳ್ಮೆ ಪರೀಕ್ಷೆ ಮಾಡುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಬೋಲ್ಟಿನ ತಲೆ ಮುರಿಯುವುದು ಆ ಹೊತ್ತಿನಲ್ಲೇ. ಮೊದಲು ವೈರ್ ಬ್ರಷ್‌ನಿಂದ ಬೋಲ್ಟಿನ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಡಿ. ಮಾರನೇ ದಿನ ಮತ್ತೆ ಎಣ್ಣೆ. ಸ್ಪಾನರ್ ಹಾಕಿದ ಮೇಲೆ ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ. ತುಕ್ಕಿನ ಹಿಡಿತ ಬಿಟ್ಟಾಗ "ಟಕ್" ಅಂತ ಸಣ್ಣ ಸದ್ದು ಬರುತ್ತದೆ. ಆಗ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಮತ್ತೆ ಒಳಗೆ ತಿರುಗಿಸಿ, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಮಾಡುತ್ತಾ ಹೊರಗೆ ತನ್ನಿ. ಒಂದೇ ಸಮನೆ ಎಳೆದರೆ ಒಳಗಿನ ಪುಡಿ ಥ್ರೆಡ್‌ನಲ್ಲಿ ಸಿಕ್ಕಿಕೊಂಡು ಮತ್ತೆ ಬಿಗಿಯುತ್ತದೆ. ಇದಕ್ಕೂ ಬಗ್ಗದಿದ್ದರೆ ಬೆಂಕಿಯ ಶಾಖ ಕೊಡಬಹುದು, ಆದರೆ ಹಾಕಿದ ಎಣ್ಣೆಯನ್ನು ಮೊದಲು ಪೂರ್ತಿ ಒರೆಸಿ ತೆಗೆಯಿರಿ, ಪೆಟ್ರೋಲ್ ಪೈಪು, ರಬ್ಬರ್ ಹತ್ತಿರ ಇದ್ದರೆ ಖಂಡಿತ ಬೇಡ.

ಹಳೆ ವ್ಯಾನಿನ ಧೂಳು ಸಾಮಾನ್ಯ ಧೂಳಲ್ಲ. ಹಳೆ ಬ್ರೇಕ್ ಲೈನರ್, ಗ್ಯಾಸ್ಕೆಟ್, ಕೆಲವು ಹಳೆ ನೆಲಹಾಸುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಬ್ರೇಕ್ ಡ್ರಮ್ ತೆಗೆದಾಗ ಗಾಳಿ ಹೊಡೆದು ಧೂಳು ಹಾರಿಸಬೇಡಿ, ಒದ್ದೆ ಮಾಡಿ ಒರೆಸಿ. ಹಳೆ ಬಣ್ಣವನ್ನು ನೀರು ಹಾಕಿಕೊಂಡೇ ಉಜ್ಜಿ. ಧೂಳಿನ ಕೆಲಸಕ್ಕೆ ಸರಿಯಾದ ಫಿಲ್ಟರ್ ಇರುವ ಮಾಸ್ಕ್ ಹಾಕಿ, ಬಟ್ಟೆ ಕಟ್ಟಿಕೊಂಡರೆ ಸಾಲದು.

ಹಂತ 4: ನೀರಿನ ದಾರಿ ಹುಡುಕುವುದು

ಒಳಗಿನ ಹಲಗೆಗಳೆಲ್ಲ ಹೊರಗೆ ಬಂದ ಮೇಲೆ, ಕಿಟಕಿ ಇನ್ನೂ ಜಾಗದಲ್ಲೇ ಇರುವಾಗ ಈ ಪರೀಕ್ಷೆ ಮಾಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಒಬ್ಬರು ಹೋಸ್ ಪೈಪ್ ಹಿಡಿದು ಹೊರಗೆ. ನೀರನ್ನು ರಭಸವಾಗಿ ಹೊಡೆಯಬೇಡಿ, ಮಳೆಯ ಹಾಗೆ ಸುರಿಯಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಒಂದು ಜಾಗಕ್ಕೆ ಐದು ನಿಮಿಷ, ಆಮೇಲೆ ಅದರ ಮೇಲಿನ ಜಾಗ. ಮೊದಲೇ ಛಾವಣಿಗೆ ಸುರಿದರೆ ನೀರು ಎಲ್ಲ ಕಡೆ ಹರಿದು, ಯಾವ ಸಂದಿಯಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ.

ಒಳಗಿದ್ದವರು ಹನಿ ಕಂಡ ಕಡೆಯೆಲ್ಲ ಗುರುತು ಹಾಕಲಿ. ಆದರೆ ಹನಿ ಕಂಡದ್ದು ಕೊನೆ ಅಷ್ಟೇ, ಆರಂಭ ಬೇರೆ ಕಡೆ ಇರುತ್ತದೆ. ತಗಡಿನ ಮಡಿಕೆ ಹಿಡಿದು ಹಿಂದಕ್ಕೆ ಮೇಲಕ್ಕೆ ಹೋಗಿ ನೋಡಿ. ಛಾವಣಿಯ ಗಾಳಿಕಿಂಡಿ, ಏಣಿ ಅಥವಾ ಕ್ಯಾರಿಯರ್‌ನ ಸ್ಕ್ರೂ ತೂತು, ಆಂಟೆನಾ ಬುಡ, ಕಿಟಕಿಯ ರಬ್ಬರ್ ಬೀಡಿಂಗ್, ಹಿಂದಿನ ದೀಪಗಳ ಗ್ಯಾಸ್ಕೆಟ್ ಇವೇ ಹೆಚ್ಚಾಗಿ ತಪ್ಪಿತಸ್ಥರು. ಬಾಗಿಲಿನ ಕೆಳ ಅಂಚಿನ ನೀರು ಇಳಿಯುವ ತೂತುಗಳು ಮುಚ್ಚಿಹೋಗಿದ್ದರೆ ಬಾಗಿಲೇ ಒಂದು ತೊಟ್ಟಿಯಾಗಿರುತ್ತದೆ. ತಂತಿ ಹಾಕಿ ಬಿಡಿಸಿ.

ಸಂದಿ ಕಂಡ ತಕ್ಷಣ ಸಿಲಿಕೋನ್ ಟ್ಯೂಬ್ ಎತ್ತಿಕೊಳ್ಳಬೇಡಿ. ಸಿಲಿಕೋನ್ ಬಳಿದ ಜಾಗಕ್ಕೆ ಆಮೇಲೆ ಬಣ್ಣ ಹಿಡಿಯುವುದಿಲ್ಲ, ಬೇರೆ ಸೀಲಂಟ್ ಕೂಡ ಅಂಟುವುದಿಲ್ಲ. ಬಿಚ್ಚಿ ತೆಗೆಯಬಹುದಾದ ಭಾಗಕ್ಕೆ ಬ್ಯುಟೈಲ್ ಟೇಪ್ (ಮೆತ್ತನೆಯ, ಅಂಟುವ ರಬ್ಬರ್ ಪಟ್ಟಿ), ಖಾಯಂ ಕೂರುವ ಭಾಗಕ್ಕೆ ಪಾಲಿಯುರಿಥೇನ್ ಸೀಲಂಟ್. ಅದೂ ಈಗ ಅಲ್ಲ, ತಗಡು ಮತ್ತು ಬಣ್ಣ ಮುಗಿದ ಮೇಲೆ. ಅಲ್ಲಿಯವರೆಗೆ ಟಾರ್ಪಾಲ್ ಸಾಕು.

ಹಂತ 5: ತುಕ್ಕು ಮತ್ತು ವೆಲ್ಡಿಂಗ್

ಇಡೀ ಕೆಲಸದ ಹೃದಯ ಇದು. ಕಣ್ಣಿಗೆ ಕಾಣುವ ತುಕ್ಕಿನ ಅಂಚಿನಿಂದ ಆಚೆಗೂ ತಗಡು ತೆಳುವಾಗಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಗಂಟೆಯ ಹಾಗೆ ಸದ್ದು ಮಾಡುತ್ತದೆ, ಕೊಳೆತ ತಗಡು ರಟ್ಟಿನ ಹಾಗೆ. ಗಂಟೆ ಸದ್ದು ಬರುವ ಕಡೆವರೆಗೂ ಕತ್ತರಿಸಬೇಕು. ಹೊಳೆಯುವ, ಗಟ್ಟಿ ತಗಡು ಸಿಗುವವರೆಗೆ ಹೋಗದಿದ್ದರೆ ವೆಲ್ಡಿಂಗ್ ಉರಿ ತಾಗಿದ ಕೂಡಲೇ ಅಂಚು ಕರಗಿ ತೂತು ಇನ್ನೂ ದೊಡ್ಡದಾಗುತ್ತದೆ.

ಕೆಳಪಟ್ಟಿ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಕೊಳವೆ ಟ್ಯಾಕ್ ಮಾಡಿ (ಸಣ್ಣ ಚುಕ್ಕಿಯಷ್ಟು ವೆಲ್ಡ್ ಮಾಡಿ). ಬಾಗಿಲು ಸರಿಯಾಗಿ ಮುಚ್ಚುತ್ತದಾ ಅಂತ ಈಗಲೇ ಅಳತೆ ಬರೆದಿಡಿ. ಆಧಾರ ಇಲ್ಲದೆ ಕತ್ತರಿಸಿದರೆ ಬಾಡಿ ನಡುವೆ ಜಗ್ಗುತ್ತದೆ. ಹೊಸ ಪಟ್ಟಿ ಹಾಕಿ ಮುಗಿಸಿದ ಮೇಲೆ ಬಾಗಿಲು ಕೂರುವುದಿಲ್ಲ. ಎರಡೂ ಬದಿ ಒಟ್ಟಿಗೆ ಕತ್ತರಿಸಬೇಡಿ. ಒಂದು ಬದಿ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದು.

ಬಾಡಿ ತಗಡು ಸಾಮಾನ್ಯವಾಗಿ 0.8ರಿಂದ 1.2 ಮಿಮೀ ದಪ್ಪ. ಪ್ಯಾಚ್‌ಗೂ ಅದೇ ದಪ್ಪದ ತಗಡು ಇರಲಿ. ಮೊದಲು ರಟ್ಟಿನಲ್ಲಿ ನಮೂನೆ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ತಗಡು ಕತ್ತರಿಸಿ. ತಂತಿ ತಾನೇ ಹರಿದು ಬರುವ ಮಿಗ್ ವೆಲ್ಡಿಂಗ್‌ನಲ್ಲಿ 0.6 ಮಿಮೀ ತಂತಿ ಈ ತೆಳು ತಗಡಿಗೆ ಚೆನ್ನಾಗಿ ಹೊಂದುತ್ತದೆ. ಉದ್ದಕ್ಕೆ ಗೆರೆ ಎಳೆದ ಹಾಗೆ ವೆಲ್ಡ್ ಮಾಡಬೇಡಿ. ಶಾಖಕ್ಕೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನಾಲ್ಕು ಮೂಲೆಗೆ ಒಂದೊಂದು ಟ್ಯಾಕ್, ಆಮೇಲೆ ನಡುವೆ ಒಂದು, ಆಮೇಲೆ ಎದುರು ಬದಿಗೆ ಒಂದು. ಕೈ ಇಟ್ಟರೆ ತಡೆಯುವಷ್ಟು ತಣ್ಣಗಾದ ಮೇಲೆ ಮುಂದಿನದು. ಹೀಗೆ ಚುಕ್ಕಿ ಚುಕ್ಕಿ ಸೇರಿ ಕೊನೆಗೆ ಗೆರೆಯಾಗಬೇಕು. ನಿಧಾನ ಅನ್ನಿಸುತ್ತದೆ, ಆದರೆ ಗ್ರೈಂಡರ್ ಆಡಿಸಿದ ಮೇಲೆ ಜೋಡಣೆ ಎಲ್ಲಿತ್ತು ಅಂತ ಬೆರಳಿಗೂ ಗೊತ್ತಾಗುವುದಿಲ್ಲ.

ಚಾಸಿ, ಸೀಟ್ ಬೆಲ್ಟ್ ಹಿಡಿಯುವ ಜಾಗ, ಸಸ್ಪೆನ್ಷನ್ ಕೂರುವ ಜಾಗ, ಸ್ಟೀರಿಂಗ್ ಹತ್ತಿರ, ಇಷ್ಟನ್ನು ಪಳಗಿದ ವೆಲ್ಡರ್ ಕೈಗೇ ಕೊಡಿ. ನೀವು ಕತ್ತರಿಸಿ, ಸ್ವಚ್ಛ ಮಾಡಿ, ತಗಡು ಕೂರಿಸಿ ಕೊಟ್ಟರೆ ಅವರ ಕೂಲಿಯೂ ಕಡಿಮೆಯಾಗುತ್ತದೆ.

ವೆಲ್ಡಿಂಗ್ ಮುಂಚೆ ಬ್ಯಾಟರಿ ತಂತಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಹತ್ತಿರ ಕೆಲಸ ಇದ್ದರೆ ಟ್ಯಾಂಕನ್ನೇ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಏಕೆಂದರೆ ಒಳಗೆ ಆವಿ ಇರುತ್ತದೆ. ತಗಡಿನ ಆ ಕಡೆ ಬಟ್ಟೆ, ಫೋಮ್, ಟಾರು ಬಳಿದದ್ದು ಇದೆಯಾ ನೋಡಿ ಕೆರೆದು ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಕಡೆ ಇರಲಿ. ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಇರಿ. ಕಿಡಿ ಮೂಲೆಯಲ್ಲಿ ಕೂತು ನಿಧಾನಕ್ಕೆ ಹೊತ್ತಿಕೊಳ್ಳುತ್ತದೆ.

ವೆಲ್ಡ್ ಆದ ಜಾಗವನ್ನು ಹಾಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ಕೆಂಪಾಗುತ್ತದೆ. ಅವತ್ತೇ ಸತುವಿನ ಪ್ರೈಮರ್, ಆಮೇಲೆ ಸಂದಿಗೆ ಸೀಮ್ ಸೀಲರ್. ಬಣ್ಣದ ಕೆಲಸವೆಲ್ಲ ಮುಗಿದ ಮೇಲೆ ಕೆಳಪಟ್ಟಿ, ತೊಲೆಗಳ ಟೊಳ್ಳಿನ ಒಳಗೆ ಉದ್ದ ನಳಿಗೆಯಿಂದ ಮೇಣದ ಸ್ಪ್ರೇ ಹೊಡೆಯಿರಿ. ಮೇಣ ಕೆಳಗಿನ ತೂತುಗಳಿಂದ ತೊಟ್ಟಿಕ್ಕಿದರೆ ಒಳಗೆ ಪೂರ್ತಿ ಹೋಗಿದೆ ಎಂದರ್ಥ. ಆ ತೂತುಗಳು ಮುಚ್ಚದ ಹಾಗೆ ಮಾತ್ರ ನೋಡಿಕೊಳ್ಳಿ.

ಹಂತ 6: ಬಣ್ಣ ಮತ್ತು ಗಾಜು

ಬಣ್ಣದ ಬಗ್ಗೆ ಒಂದೇ ಎಚ್ಚರಿಕೆ. ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಭಾಗದ ಬಣ್ಣಗಳಲ್ಲಿ ಹೆಚ್ಚಾಗಿ ಐಸೊಸಯನೇಟ್ ಎಂಬ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರುತ್ತದೆ. ಅದಕ್ಕೆ ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಅದು ಇಲ್ಲದಿದ್ದರೆ ಪುಟ್ಟಿ, ಪ್ರೈಮರ್, ಉಜ್ಜುವ ಕೆಲಸ ನೀವು ಮುಗಿಸಿ, ಕೊನೆಯ ಕೋಟ್ ಪೇಂಟರ್‌ಗೆ ಬಿಡಿ. ರೋಲರ್‌ನಿಂದ ಬಳಿಯುವ ಎನಾಮೆಲ್ ಕೂಡ ಹಳೆ ವ್ಯಾನ್‌ಗೆ ಚೆನ್ನಾಗಿಯೇ ಕಾಣುತ್ತದೆ.

ಗಾಜು ಕೂರಿಸುವುದನ್ನು ಮಾತ್ರ ನೀವೇ ಮಾಡಿ ನೋಡಿ, ಅದೊಂದು ಖುಷಿಯ ಕೆಲಸ. ಹೊಸ ಬೀಡಿಂಗ್ ತನ್ನಿ, ಹಳೆಯದು ಗಟ್ಟಿಯಾಗಿರುತ್ತದೆ. ಅದನ್ನು ಮೊದಲು ಗಾಜಿನ ಸುತ್ತ ಕೂರಿಸಿ. ತಗಡಿನ ಅಂಚು ಸೇರುವ ಕಾಲುವೆಯಲ್ಲಿ ಗಟ್ಟಿಯಾದ ನೈಲಾನ್ ದಾರವನ್ನು ಸುತ್ತಲೂ ಇಟ್ಟು, ಎರಡು ತುದಿಗಳೂ ಕೆಳಗೆ ಮಧ್ಯದಲ್ಲಿ ಒಂದರ ಮೇಲೊಂದು ಬರುವ ಹಾಗೆ ಬಿಡಿ. ಚೌಕಟ್ಟಿಗೆ ಸೋಪಿನ ನೀರು ಹಚ್ಚಿ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಗಾಜು ಒತ್ತಿ ಹಿಡಿಯಲಿ, ಇನ್ನೊಬ್ಬರು ಒಳಗಿನಿಂದ ದಾರ ಎಳೆಯಲಿ. ದಾರ ಬರುತ್ತಾ ಬರುತ್ತಾ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ "ಪಟ್ ಪಟ್" ಅಂತ ಒಳಗೆ ಬೀಳುತ್ತದೆ. ಎಳೆಯುವ ಕೈ ಎಲ್ಲಿದೆಯೋ ಒತ್ತುವ ಕೈಯೂ ಅಲ್ಲೇ ಇರಬೇಕು. ಮೂಲೆ ಬಂದಾಗ ಅವಸರ ಬೇಡ, ಗಾಜು ಒಡೆಯುವುದು ಮೂಲೆಯಲ್ಲೇ. ಎಲ್ಲ ಕೂತ ಮೇಲೆ ನಾಲ್ಕನೇ ಹಂತದ ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಒಳಗೆ ಒಂದು ಹನಿಯೂ ಬರದಿದ್ದರೆ ಮಾತ್ರ ಮುಂದಕ್ಕೆ.

ಹಂತ 7: ನಿಲ್ಲುವುದು ಮೊದಲು, ಓಡುವುದು ಆಮೇಲೆ

ಬ್ರೇಕ್ ಪೂರ್ತಿ ಬಿಚ್ಚಿ. ರಬ್ಬರ್ ಹೋಸ್‌ಗಳು, ಚಕ್ರದ ಸಿಲಿಂಡರ್‌ಗಳು, ತುಕ್ಕು ಹಿಡಿದ ಕಬ್ಬಿಣದ ಪೈಪ್‌ಗಳು ಹೊಸದಾಗಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವ ನಿಯಮ ಇದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಭಾರದ ವ್ಯಾನ್ ಉದ್ದ ಇಳಿಜಾರು ಇಳಿಯುವಾಗ ಆಯಿಲ್ ಕುದಿದು ಪೆಡಲ್ ನೆಲ ಮುಟ್ಟುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರದಲ್ಲಿ ಮಾಡಿದ್ದು. ವ್ಯಾನ್ ನಿಂತೇ ಇದ್ದರೆ ಟೈರ್ ಸವೆದಿರುವುದಿಲ್ಲ, ಆದರೆ ರಬ್ಬರ್ ಒಣಗಿ ಬಿರಿದಿರುತ್ತದೆ. ಮೇಲಿನ ಗೆರೆಗಳು ಚೆನ್ನಾಗಿವೆ ಅಂತ ಹಳೆ ಟೈರ್ ಇಟ್ಟುಕೊಳ್ಳಬೇಡಿ. ಹೊಸದರ ಭಾರ ಹೊರುವ ಸಾಮರ್ಥ್ಯ ನಿಮ್ಮ ವ್ಯಾನಿನ ತೂಕಕ್ಕೆ ತಕ್ಕ ಹಾಗಿರಲಿ.

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ನೇರ ಕೀ ತಿರುಗಿಸಬೇಡಿ. ಹಳೆ ಪೆಟ್ರೋಲ್ ಪೂರ್ತಿ ಇಳಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರ್‌ಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಹಾಕಿ, ಒಂದು ದಿನ ಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪಾನರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಸರಾಗವಾಗಿ ತಿರುಗಿದರೆ ಆಯಿಲ್, ಫಿಲ್ಟರ್ ಬದಲಾಯಿಸಿ. ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ, ಡ್ಯಾಶ್‌ಬೋರ್ಡ್‌ನ ಆಯಿಲ್ ಎಚ್ಚರಿಕೆ ದೀಪ ಆರುವವರೆಗೆ. ಗಾಳಿ ಎಳೆಯುವ ಪೈಪಿನಲ್ಲಿ ಇಲಿ ಗೂಡು ಕಟ್ಟಿದೆಯಾ ನೋಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದು, ಅದನ್ನು ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ದರೆ ಸ್ಟಾರ್ಟ್ ಮಾಡುವ ಮುಂಚೆಯೇ ಹೊಸದು ಹಾಕಿ.

ಪೆಟ್ರೋಲ್ ಹೋಸ್‌ಗಳನ್ನು ಒಂದೂ ಬಿಡದೆ ಬದಲಾಯಿಸಿ. ಎಥನಾಲ್ ಬೆರೆತ ಪೆಟ್ರೋಲ್ ಹಳೆ ರಬ್ಬರನ್ನು ಮೆತ್ತಗೆ ಮಾಡಿ ಬಿರಿಸುತ್ತದೆ. ಎಂಜಿನ್ ಹಿಂದಿರುವ ವ್ಯಾನ್‌ಗಳಲ್ಲಿ ಬೆಂಕಿ ಹೊತ್ತಿಕೊಂಡರೆ ಡ್ರೈವರ್‌ಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಎಥನಾಲ್‌ಗೆ ತಡೆಯುವ ಹೋಸ್, ಹೊಸ ಕ್ಲಿಪ್, ಇದರಲ್ಲಿ ಉಳಿತಾಯ ಬೇಡವೇ ಬೇಡ.

ಹಂತ 8: ಮನೆಯ ಕರೆಂಟ್

ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಒಳಗಿನ ದೀಪ–ಫ್ರಿಜ್‌ನ ಬ್ಯಾಟರಿ ಬೇರೆ ಇರಬೇಕು. ಎಂಜಿನ್ ಓಡುವಾಗ ಒಳಗಿನ ಬ್ಯಾಟರಿಯೂ ಚಾರ್ಜ್ ಆಗುವ ಹಾಗೆ ಎರಡರ ನಡುವೆ ಚಾರ್ಜಿಂಗ್ ರಿಲೇ ಅಥವಾ ಡಿಸಿ–ಡಿಸಿ ಚಾರ್ಜರ್ ಹಾಕಿ.

ಎಷ್ಟು ದೊಡ್ಡ ಬ್ಯಾಟರಿ ಬೇಕು? ಲೆಕ್ಕ ಸುಲಭ. ನಾಲ್ಕು ಎಲ್‌ಇಡಿ ದೀಪ, ತಲಾ 3 ವ್ಯಾಟ್, ನಾಲ್ಕು ಗಂಟೆ: 48 ವ್ಯಾಟ್ ಅವರ್. 45 ವ್ಯಾಟಿನ ಕಂಪ್ರೆಸರ್ ಫ್ರಿಜ್ ದಿನಕ್ಕೆ ಒಟ್ಟು ಹತ್ತು ಗಂಟೆ ಓಡಿದರೆ 450. ನೀರಿನ ಪಂಪ್‌ಗೆ 10, ಫೋನ್ ಚಾರ್ಜಿಂಗ್‌ಗೆ 60. ಒಟ್ಟು 568. ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 47 ಆಂಪ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಒಂದು ದಿನಕ್ಕೇ 100 ಆಂಪ್ ಅವರ್ ಬ್ಯಾಟರಿ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಇನ್ನೂ ಸಣ್ಣದು ಸಾಕು, ತೂಕವೂ ಕಡಿಮೆ. ಆದರೆ ಅದನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು.

ವೈರ್ ದಪ್ಪ ಇಲ್ಲದಿದ್ದರೆ ಒಳ್ಳೆ ಫ್ರಿಜ್ ಕೂಡ ಸರಿಯಾಗಿ ಓಡುವುದಿಲ್ಲ. ಬ್ಯಾಟರಿಯಿಂದ ಫ್ರಿಜ್‌ಗೆ 5 ಮೀಟರ್ ಅಂದರೆ ಹೋಗಿ ಬರಲು 10 ಮೀಟರ್ ತಾಮ್ರ. 1 ಚದರ ಮಿಮೀ ವೈರಿನಲ್ಲಿ 5 ಆಂಪ್ ಹರಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. 2.5 ಚದರ ಮಿಮೀ ಹಾಕಿದರೆ 0.35 ವೋಲ್ಟ್ ಮಾತ್ರ. ಪ್ರತಿ ಲೈನಿಗೂ ಫ್ಯೂಸ್ ಇರಲಿ. ಮುಖ್ಯ ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಇರಲಿ. ತಗಡಿನ ತೂತಿನಲ್ಲಿ ವೈರ್ ಹಾದುಹೋಗುವ ಕಡೆಯೆಲ್ಲ ತೂತಿನ ಅಂಚು ಮುಚ್ಚುವ ರಬ್ಬರ್ ಉಂಗುರ (ಗ್ರೋಮೆಟ್) ಹಾಕಿ. ವ್ಯಾನ್ ಅಲುಗಾಡುತ್ತಲೇ ಇರುತ್ತದೆ, ತಗಡಿನ ಅಂಚು ವೈರ್ ಕೊಯ್ಯುತ್ತಲೇ ಇರುತ್ತದೆ.

ಹಂತ 9: ಗ್ಯಾಸ್ ಮತ್ತು ಕುಡಿಯುವ ನೀರು

ಗ್ಯಾಸ್ ಲೈನನ್ನು ನೀವೇ ಕೂರಿಸಬೇಡಿ. ಅದಕ್ಕೆ ಪರವಾನಗಿ ಇರುವವರನ್ನು ಕರೆಯಿರಿ. ಆದರೆ ಏನು ಸರಿ ಅಂತ ನಿಮಗೆ ಗೊತ್ತಿರಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಪೆಟ್ಟಿಗೆ ಒಳಗಿನ ಕಡೆಗೆ ಪೂರ್ತಿ ಮುಚ್ಚಿರಬೇಕು, ಅದರ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಬೇಕು. ಹಳೆ ರೆಗ್ಯುಲೇಟರ್, ಹಳೆ ಹೋಸ್ ಎರಡೂ ಹೊಸದಾಗಲಿ. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಒಲೆ ಇರಲಿ. ಸೋರಿಕೆ ನೋಡಲು ಸೋಪಿನ ನೀರು, ಬೆಂಕಿಕಡ್ಡಿ ಎಂದೂ ಅಲ್ಲ. ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ (ವಾಸನೆಯಿಲ್ಲದ ವಿಷಗಾಳಿ) ಅಲಾರಂ ಕಡ್ಡಾಯ ಅಂದುಕೊಳ್ಳಿ.

ಚಳಿ ಜಾಗಕ್ಕೆ ಹೋಗುವವರಿಗೆ ಒಂದು ಮಾತು. ಅಡುಗೆ ಗ್ಯಾಸಿನಲ್ಲಿ ಬಳಸುವುದು ಬ್ಯುಟೇನ್, ಪ್ರೊಪೇನ್ ಎಂಬ ಅನಿಲಗಳನ್ನು. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ.

ನೀರಿನ ಟ್ಯಾಂಕ್ ಹಳೆಯದಾದರೆ ಬದಲಾಯಿಸುವುದೇ ಮೇಲು. ಪೈಪ್ ಕುಡಿಯುವ ನೀರಿಗೆ ಯೋಗ್ಯವಾದದ್ದೇ ಇರಲಿ.

ಹಂತ 10: ಈಗ ಮರಗೆಲಸ

ಹಲಗೆ ಹೊಡೆಯುವ ಮುಂಚೆ ಉಸಿರಿನ ನೀರಿನ ಬಗ್ಗೆ ಯೋಚಿಸಿ. ಹೊರಗಿನ ನೀರು ನಿಂತರೂ ಒಳಗಿನ ತೇವ ನಿಲ್ಲುವುದಿಲ್ಲ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಜೊತೆಗೆ ಇಬ್ಬರು ರಾತ್ರಿಯಿಡೀ ಬಿಡುವ ಉಸಿರು. ಅದೆಲ್ಲ ತಣ್ಣನೆ ತಗಡಿಗೆ ತಾಗಿ ಹನಿಯಾಗಿ ಮತ್ತೆ ತುಕ್ಕಿನ ಮೂಲೆಗೆ ಇಳಿಯುತ್ತದೆ. ಅದಕ್ಕೇ ನೀರು ಹೀರದ ಮುಚ್ಚುಕೋಶದ (ಕ್ಲೋಸ್ಡ್ ಸೆಲ್) ಫೋಮನ್ನು ತಗಡಿಗೆ ಸಂದಿಯಿಲ್ಲದೆ ಅಂಟಿಸಿ. ಛಾವಣಿಯಲ್ಲೊಂದು, ಕೆಳಗೊಂದು ಗಾಳಿಕಿಂಡಿ ಸದಾ ತೆರೆದಿರಲಿ. ಬಾಗಿಲು, ಕೆಳಪಟ್ಟಿಯ ನೀರು ಇಳಿಯುವ ತೂತುಗಳಿಗೆ ಫೋಮ್ ತುಂಬಬೇಡಿ.

ಪೀಠೋಪಕರಣ ಹಗುರವಾಗಿರಲಿ. 8 ಅಡಿ x 4 ಅಡಿಯ 12 ಮಿಮೀ ಬರ್ಚ್ ಪ್ಲೈ ಹಾಳೆ ಸುಮಾರು 24 ಕಿಲೋ ತೂಗುತ್ತದೆ. ಅದೇ ಅಳತೆಯ ಪಾಪ್ಲರ್ ಪ್ಲೈ ಸುಮಾರು 15–16 ಕಿಲೋ. ನಾಲ್ಕು ಹಾಳೆ ಹಾಕಿದರೆ ವ್ಯತ್ಯಾಸ 30 ಕಿಲೋ ದಾಟುತ್ತದೆ. ನೀರಿನ ಟ್ಯಾಂಕ್, ಬ್ಯಾಟರಿ, ಫ್ರಿಜ್ ಮೂರನ್ನೂ ಒಂದೇ ಬದಿಗೆ ಇಡಬೇಡಿ, ವ್ಯಾನ್ ಆ ಕಡೆ ವಾಲುತ್ತದೆ. ಭಾರದ್ದು ಕೆಳಗೆ, ಚಕ್ರಗಳ ನಡುವೆ ಇರಲಿ. ಓಡುವಾಗ ಯಾರಾದರೂ ಕೂರುವ ಸೀಟು ಚಾಸಿಗೇ ಬಿಗಿದಿರಬೇಕು, ಬೆಲ್ಟ್ ಇರಬೇಕು. ಪ್ಲೈವುಡ್ ಪೆಟ್ಟಿಗೆಗೆ ಬೆಲ್ಟ್ ಹೊಡೆದರೆ ಅಪಘಾತದಲ್ಲಿ ಪೆಟ್ಟಿಗೆಯೂ ಜೊತೆಗೇ ಹಾರುತ್ತದೆ.

ಹಲಗೆಗಳನ್ನು ಅಂಟಿಸಬೇಡಿ, ಸ್ಕ್ರೂ ಹಾಕಿ. ಮುಂದೊಂದು ದಿನ ಹಿಂದೆ ನೋಡಬೇಕಾಗುತ್ತದೆ. ಬಾಗಿಲು, ಡ್ರಾಯರ್‌ಗೆ ಒತ್ತಿದರೆ ಮಾತ್ರ ತೆರೆಯುವ ಚಿಲಕ ಹಾಕಿ. ಪರದೆ, ದಿಂಬು ನಿಮ್ಮಿಷ್ಟ.

ಹಂತ 11: ಮೊದಲ ಓಟ

ಟ್ಯಾಂಕ್ ತುಂಬಿಸಿ, ಸಾಮಾನು ಹಾಕಿ, ಜನರನ್ನು ಕೂರಿಸಿಕೊಂಡು ವೇ ಬ್ರಿಡ್ಜ್‌ಗೆ ಹೋಗಿ. ಒಟ್ಟು ತೂಕ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ, ವ್ಯಾನಿನ ಪ್ಲೇಟ್ ಮೇಲಿನ ಮಿತಿಯೊಂದಿಗೆ ಹೋಲಿಸಿ. ಮೊದಲ 50ರಿಂದ 100 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ನಿಂತ ಕಡೆಯೆಲ್ಲ ಕೆಳಗೆ ಬಗ್ಗಿ ಆಯಿಲ್, ಬ್ರೇಕ್ ಆಯಿಲ್ ಸೋರುತ್ತಿದೆಯಾ ನೋಡಿ.

ಮೊದಲ ರಾತ್ರಿಯನ್ನು ಮನೆಯಿಂದ ಸ್ವಲ್ಪವೇ ದೂರದಲ್ಲಿ ಕಳೆಯಿರಿ. ಒಂದು ಪುಸ್ತಕ, ಪೆನ್ ಜೊತೆಗಿರಲಿ. ಯಾವ ಕಪಾಟು ಕಿರುಗುಟ್ಟಿತು, ಯಾವ ದೀಪ ಮಿಣುಕಿತು, ಎಲ್ಲಿ ತಲೆ ತಾಗಿತು, ಎಲ್ಲ ಬರೆದಿಡಿ. ಮಳೆ ಬಂದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಎದ್ದ ಕೂಡಲೇ ಆ ಹಳೆ ಮೂಲೆಯ ಮ್ಯಾಟ್ ಎತ್ತಿ ಅಂಗೈ ಇಟ್ಟು ನೋಡಿ, ಒಣಗಿರಬೇಕು.